ಮಧ್ಯಾಹ್ನದ ನೆರಳು

ನನ್ನ ಮಂತ್ರಗಳಲ್ಲಿ ಇದುವರೆಗೆ ಯಾರೂ ದೋಷ ಹುಡುಕಿಲ್ಲ. ಹುಡುಕುವಷ್ಟು ಹೊತ್ತು ಯಾರೂ ಅವನ್ನು ಕೈಯಲ್ಲಿ ಹಿಡಿಯಲಿಲ್ಲ ಎಂಬುದು ಬೇರೆ ಮಾತು.

ಮಂತ್ರ ಎಂದಕೂಡಲೇ ಲಿಂಬೆಹಣ್ಣು, ಕುಂಕುಮ ನೆನಪಿಗೆ ಬಂದರೆ ಅದನ್ನು ಬಿಡಿ. ನಾವು ನಾಲ್ಕು ಜನ ಭಾನುವಾರ ಮಧ್ಯಾಹ್ನ ಹಿಂದವಾಡಿಯಲ್ಲಿ ಅನಿಕೇತನ ಮನೆಯ ಮಹಡಿಯ ಮೇಲೆ ಮೇಜಿನ ಸುತ್ತ ಕುಳಿತು ಒಂದು ಆಟ ಆಡುತ್ತೇವೆ. ಅನಿಕೇತ ಕಥೆ ಹೇಳುತ್ತಾನೆ, ನಾವು ಆ ಕಥೆಯೊಳಗೆ ಒಂದೊಂದು ಪಾತ್ರ. ಬೆಟ್ಟ ಹತ್ತುತ್ತೀರೋ, ಓಡಿಹೋಗುತ್ತೀರೋ, ರಾಕ್ಷಸನ ಜೊತೆ ಚೌಕಾಸಿ ಮಾಡುತ್ತೀರೋ ಎಂದು ಅವನು ಕೇಳುತ್ತಾನೆ. ನಾವು ಹೇಳುತ್ತೇವೆ. ಅಂದುಕೊಂಡದ್ದು ನಡೆಯಿತೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಅನಿಕೇತ ಕಟ್ಟಿದ ಆ ಲೋಕದ ಹೆಸರು ಕರಿಕಣಿವೆ. ಅಲ್ಲಿ ಮಾಂತ್ರಿಕರಿದ್ದಾರೆ, ಅವರಿಗೆ ಮಂತ್ರಗಳು ಬೇಕು, ಆ ಮಂತ್ರಗಳನ್ನು ತಯಾರಿಸುವುದು ನನ್ನ ಕೆಲಸ. ಮೊದಲಿನಿಂದಲೂ ನನ್ನದೇ ಕೆಲಸ.

ಹೊಟ್ಟೆಪಾಡಿಗೆ ನಾನು ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತೇನೆ. ಪಂಪಿನ ಬಿಡಿಭಾಗಗಳು ಮಶಿನಿನಿಂದ ಇಳಿದು ನನ್ನ ಮೇಜಿಗೆ ಬರುತ್ತವೆ. ಅಳತೆ ನೋಡುವ ಗೇಜಿನ ಒಂದು ತುದಿ ತೂತಿನೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಎರಡೂ ಹೋದರೆ ಆ ತುಂಡು ರಿಜೆಕ್ಟ್. ಮಾಡಿದವನು ಅತ್ತರೂ ರಿಜೆಕ್ಟ್, ಮ್ಯಾನೇಜರನ ಮೈದುನನಾದರೂ ರಿಜೆಕ್ಟ್. ಮಂತ್ರಗಳನ್ನೂ ನಾನು ಹಾಗೆಯೇ ಮಾಡುತ್ತೇನೆ. ದಪ್ಪ ಕಾಗದದ ಕಾರ್ಡು. ಅದರ ಮೇಲೆ ಮಂತ್ರದ ಹೆಸರು, ಅದು ಎಷ್ಟು ದೂರ ನಡೆಯುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಮಾಂತ್ರಿಕನ ಶಕ್ತಿ ಎಷ್ಟು ಖರ್ಚಾಗುತ್ತದೆ, ಯಾವಾಗ ನಡೆಯುವುದಿಲ್ಲ, ಎಲ್ಲವೂ ಬರೆದಿರುತ್ತದೆ. ಜಗಳಕ್ಕೆ ಜಾಗವೇ ಇಲ್ಲ.

ಅವುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ‘ನೆರಳುಕಟ್ಟು’. ವೈರಿಯ ನೆರಳನ್ನು ನೆಲಕ್ಕೆ ಕಟ್ಟಿಹಾಕುವ ಮಂತ್ರ. ನೆರಳು ಕದಲದಿದ್ದರೆ ಮನುಷ್ಯ ಹೇಗೆ ಕದಲಿಯಾನು? ಅದರ ಕೊನೆಯ ಸಾಲು ಹೀಗಿದೆ: ‘ನಡು ಮಧ್ಯಾಹ್ನ ನೆರಳಿಲ್ಲದಾಗ ಈ ಮಂತ್ರ ನಡೆಯದು.’ ಆ ಸಾಲು ಹೊಳೆದ ದಿನ ನಾನು ಬಸ್ಸಿನಲ್ಲಿ ಒಬ್ಬಳೇ ನಕ್ಕಿದ್ದೆ. ಮೇಜಿನ ಸುತ್ತ ಕುಳಿತವರು ಆ ಸಾಲಿನವರೆಗೆ ಓದಲೇ ಇಲ್ಲ.

“ಪ್ರಮಿಳಾನ ಮಂತ್ರ ಅಂದ್ರ ತಕರಾರ ಇರೂದಿಲ್ಲ ನೋಡು,” ಎಂದು ಅನಿಕೇತ ಯಾವಾಗಲೂ ಹೇಳುತ್ತಿದ್ದ. ನಾನು ಅದನ್ನು ಹೊಗಳಿಕೆ ಎಂದುಕೊಂಡಿದ್ದೆ. ನಮ್ಮ ಜೊತೆ ಆಡುವ ಬಾಳೇಶ ನನ್ನ ಕಾರ್ಡುಗಳ ಮೇಲೆ ಚಹಾದ ಕಪ್ಪು ಇಡುತ್ತಿದ್ದ. ಮೇಜಿಗೆ ಕಲೆ ಬೀಳಬಾರದಲ್ಲ.

ಅರ್ಶಿಯಾಳನ್ನು ಕರೆತಂದವನು ಈ ಬಾಳೇಶನೇ. ಅವನು ನೆಹರು ನಗರದ ದೊಡ್ಡ ಆಸ್ಪತ್ರೆಯ ಲ್ಯಾಬಿನಲ್ಲಿದ್ದಾನೆ. ಖಾನಾಪುರದಿಂದ ತಾಯಿಯ ರಕ್ತಪರೀಕ್ಷೆಗೆ ಬಂದ ಹುಡುಗಿ, ಅವನ ಮೇಜಿನ ಮೇಲೆ ಇಪ್ಪತ್ತು ಮುಖದ ದಾಳ ನೋಡಿ ಇದೇನು ಎಂದು ಕೇಳಿದಳಂತೆ. ಇವನಿಗೆ ಅಷ್ಟೇ ಸಾಕಾಯಿತು. ಅವಳು ಕಲಾಶಾಲೆಯಲ್ಲಿ ಕಲಿತವಳು. ಅಪ್ಪ ಅಲ್ಲಾಭಕ್ಷ ಅವರ ಹಳೆಯ ಹೆಂಚಿನ ಕಾರ್ಖಾನೆಯ ಹಿಂದೆ ಶೆಡ್ಡು ಹಾಕಿಕೊಂಡು ಮಣ್ಣಿನ ಪಾತ್ರೆ ಮಾಡುತ್ತಾಳೆ, ಗೋವಾದ ಹೋಟೆಲುಗಳಿಗೆ ಕಳಿಸುತ್ತಾಳೆ. ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಬಂದ ಮೊದಲ ಭಾನುವಾರವೇ ನನ್ನನ್ನು ಅಕ್ಕಾ ಎಂದಳು. ಅಕ್ಕ ಎನ್ನಿಸಿಕೊಂಡ ಮೇಲೆ ದ್ವೇಷಿಸುವುದು ಎಷ್ಟು ಕಷ್ಟ ಎಂದು ಅನುಭವಿಸಿದವರಿಗೇ ಗೊತ್ತು.

ಕೆಲವು ವಾರ ಅವಳು ಸುಮ್ಮನೆ ಆಡಿದಳು. ಆಮೇಲೊಂದು ದಿನ ಟವೆಲ್ಲಿನಲ್ಲಿ ಸುತ್ತಿಕೊಂಡು ಏನನ್ನೋ ತಂದಳು. ಬಿಚ್ಚಿದರೆ ಸುಟ್ಟ ಮಣ್ಣಿನ ಸಣ್ಣ ಸಣ್ಣ ಗುಂಡುಗಳು, ನೆಲ್ಲಿಕಾಯಿಗಿಂತ ತುಸು ದೊಡ್ಡವು. ಒಳಗೆ ಟೊಳ್ಳು. ಅಲ್ಲಾಡಿಸಿದರೆ ಒಳಗಿನಿಂದ ಒಂದು ಮಣಿ ಸದ್ದು ಮಾಡುತ್ತಿತ್ತು.

“ನಾನೂ ಒಂದಿಷ್ಟು ಮಂತ್ರ ಮಾಡೇನಿ,” ಎಂದಳು. “ಮ್ಯಾಲಿನ ಚಿತ್ರ ಮಂತ್ರ ಏನ ಮಾಡ್ತೈತಿ ಅಂತ ಹೇಳ್ತದ. ಮಂತ್ರ ಹಾಕಬೇಕಂದ್ರ ಗುಂಡ ಖರೇನ ಒಡೀಬೇಕು. ಒಳಗಿನ ಮಣಿ ಮ್ಯಾಲ ಅದರ ಬೆಲೆ ಐತಿ. ಒಡದ ಮ್ಯಾಲ ಗೊತ್ತಾಗೂದು.”

“ಒಡದ ಮ್ಯಾಲ?” ಎಂದು ನಾನು ಕೇಳಿದೆ. “ಬೆಲೆ ಮೊದಲ ಗೊತ್ತಿರಬೇಕಲ್ಲ?”

“ಮೊದಲ ಗೊತ್ತಾದ್ರ ಅದು ಖರೀದಿ ಆತಲ್ಲ ಅಕ್ಕಾ,” ಎಂದು ನಕ್ಕಳು. “ಮತ್ತ ಇನ್ನೊಂದೈತಿ. ಒಮ್ಮೆ ಒಡದ್ರ ಆ ಮಂತ್ರ ಮುಗೀತು. ಕರಿಕಣಿವ್ಯಾಗ ಅದು ಮುಂದ ಯಾರಿಗೂ ಸಿಗೂದಿಲ್ಲ. ನಾನೂ ಮತ್ತ ಮಾಡೂದಿಲ್ಲ.”

ಇದು ನಡೆಯುವ ಮಾತಲ್ಲ, ಮಕ್ಕಳಾಟ ಎಂದು ನಾನು ಮನಸ್ಸಿನಲ್ಲೇ ಬರೆದುಕೊಂಡೆ. ಆ ದಿನ ಕಥೆಯಲ್ಲಿ ಬಾಳೇಶನ ಪಾತ್ರ, ಡೊಳ್ಳು ಹೊತ್ತು ತಿರುಗುವ ಮಲ್ಲ, ನೀರು ತುಂಬುತ್ತಿದ್ದ ಗುಹೆಯೊಳಗೆ ಸಿಕ್ಕಿಬಿದ್ದಿದ್ದ. ನನ್ನ ಬಳಿ ನೀರಿಳಿಸುವ ಕಾರ್ಡು ಇತ್ತು, ನಾನು ಅದನ್ನು ಮುಂದೆ ಸರಿಸಿದೆ. ಬಾಳೇಶ ಅದನ್ನು ನೋಡಲಿಲ್ಲ. ಹಕ್ಕಿಯ ಚಿತ್ರವಿದ್ದ ಗುಂಡನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದ. ಒಡೆಯಲೋ ಬೇಡವೋ ಎಂದು ಅಷ್ಟು ಹೊತ್ತು ಯೋಚಿಸಿದ. ಯೋಚನೆ ಎಂಬುದು ಅವನ ಜಾಯಮಾನದಲ್ಲೇ ಇರಲಿಲ್ಲ, ಸಿಕ್ಕದ್ದನ್ನು ಬಡಿಯುವುದಷ್ಟೇ ಅವನ ಆಟ. ಕೊನೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಕತ್ತಲಲ್ಲಿ ಹಕ್ಕಿಯೊಂದು ಕೂಗುತ್ತದೆ, ಆ ದನಿಯ ಹಿಂದೆ ಹೋಗಿ ಮಲ್ಲ ಹೊರಗೆ ಬರುತ್ತಾನೆ ಎಂದು ಅನಿಕೇತ ಹೇಳಿದ. ಮಣಿಯ ಮೇಲೆ ಒಂದು ಕಿವಿ ಕೆತ್ತಿತ್ತು.

“ಅಂದ್ರ?” ಎಂದ ಬಾಳೇಶ.

“ಮಲ್ಲ ಇನ್ನ ಮುಂದ ಹಕ್ಕಿ ದನಿ ಕೇಳೂದಿಲ್ಲ,” ಎಂದಳು ಅರ್ಶಿಯಾ.

ಬಾಳೇಶ ಸುತ್ತಿಗೆ ಕೆಳಗಿಟ್ಟ. ಮಣಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನ ಕಣ್ಣು ಒದ್ದೆಯಾಗಿದ್ದನ್ನು ನಾನು ಕಂಡೆ. ದಿನವೂ ನೂರಾರು ಜನರ ರಕ್ತ ನೋಡುವ ಗಂಡಸು, ಇಲ್ಲದ ಮನುಷ್ಯನಿಗೆ ಇಲ್ಲದ ಹಕ್ಕಿ ಕೇಳಿಸುವುದಿಲ್ಲವೆಂದು ಅಳುತ್ತಿದ್ದ. ಆಟ ಮುಗಿದ ಮೇಲೆ ಒಡೆದ ಚೂರುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಮನೆಗೆ ಒಯ್ದ. ನನ್ನ ಕಾರ್ಡುಗಳನ್ನು ಯಾರಾದರೂ ಮನೆಗೆ ಒಯ್ದದ್ದುಂಟೇ? ನನ್ನ ಹೊಟ್ಟೆಯಲ್ಲಿ ಉರಿ ಎದ್ದದ್ದು ಆ ಕರವಸ್ತ್ರದ ಗಂಟು ನೋಡಿ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಉರಿಗೆ ಎಣ್ಣೆ ಹೊಯ್ದಂತೆ, ಮೆಟ್ಟಿಲಿಳಿಯುವಾಗ ಅವಳು ನನ್ನ ಕೈ ಹಿಡಿದಳು.

“ಅಕ್ಕಾ, ನಿಮ್ಮ ನೆರಳುಕಟ್ಟು ಐತೆಲ್ಲ, ಮಧ್ಯಾಹ್ನ ನಡ್ಯೂದಿಲ್ಲ ಅಂತ ಬರದೀರಿ. ಅದನ್ನ ಓದಿ ನನಗ ಅವತ್ತೆಲ್ಲಾ ಅದ ತಲ್ಯಾಗಿತ್ತು. ಹ್ಯಾಂಗ ಹೊಳೀತ್ರಿ ನಿಮಗ?”

“ಹೊಳೀತು ಅಷ್ಟ,” ಎಂದೆ.

ಆ ಸಾಲನ್ನು ಓದಿದವಳು ಜಗತ್ತಿನಲ್ಲಿ ಅವಳೊಬ್ಬಳೇ. ಓದಬೇಕಾದವರು ಬೇರೆ ಇದ್ದರು. ಅವರು ಮೇಲೆ ಕುಳಿತು ಮಣ್ಣಿನ ಗುಂಡುಗಳನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಅನಿಕೇತ ವಿಷಯ ತೆಗೆದ. ಕರಿಕಣಿವೆಯನ್ನು ಡಬ್ಬಿಯಲ್ಲಿಟ್ಟು ಮಾರುವ ಆಟ ಮಾಡಿ ಬೇರೆಯವರೂ ಆಡುವ ಹಾಗೆ ಹೊರಗೆ ತರಬೇಕೆಂದು ಅವನಿಗೆ ಬಹಳ ದಿನದ ಆಸೆ. ಅವನ ಸ್ವಂತ ಪ್ರೆಸ್ಸಿದೆ, ಮದುವೆ ಪತ್ರಿಕೆ ಅಚ್ಚು ಹಾಕಿ ಹಾಕಿ ಬೇಸತ್ತಿದ್ದ.

“ಒಂದ ಡಬ್ಬಿಯೊಳಗ ಎರಡ ಥರದ ಮಂತ್ರ ಬ್ಯಾಡ,” ಎಂದ. “ಆಡೋರಿಗೆ ಗೊಂದಲ ಆಗ್ತೈತಿ. ಕಾರ್ಡ ಇಡೂಣು, ಇಲ್ಲಾ ಗುಂಡ ಇಡೂಣು. ಈ ಕಥಿ ಮುಗಿಯೂ ದಿವಸ ಎರಡೂ ಆಡಿ ನೋಡೂಣು, ಆಮ್ಯಾಲ ಹೇಳ್ತೀನಿ.”

ಕಾರ್ಡು ಹೋದರೆ ನಾನು ಹೋದಂತೆ. ವರ್ಷಗಟ್ಟಲೆ ಕಾರ್ಖಾನೆಯ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ, ಅಕ್ಕಿ ಬೇಯುವ ಹೊತ್ತಿನಲ್ಲಿ ಕೂಡಿಸಿದ ಮಂತ್ರಗಳು. ಡಬ್ಬಿಯ ಮೇಲೆ ‘ಮಂತ್ರಗಳು: ಪ್ರಮಿಳಾ’ ಎಂದು ಬರುವುದನ್ನು ನಾನು ಎಷ್ಟು ಸಲ ಕಂಡಿದ್ದೆನೆಂದರೆ ಆ ಅಕ್ಷರದ ದಪ್ಪವೂ ನನಗೆ ಗೊತ್ತಿತ್ತು. ಅಲ್ಲಿ ಬೇರೆ ಹೆಸರು ಬರಬಹುದೆಂದು ಮೊದಲ ಸಲ ಅನಿಸಿತು.

“ಅದಕ್ಕಿಂತ ಮೊದಲ ಒಂದ ಕೆಲಸ ಆಗಬೇಕು,” ಎಂದ ಅನಿಕೇತ ನನ್ನ ಕಡೆ ತಿರುಗಿ. “ಮಣ್ಣಿನ ಗುಂಡ ಕೊರಿಯರಿನ್ಯಾಗ ತಡೀತಾವೋ ಇಲ್ಲೋ, ಒಳಗ ಎಲ್ಲಾ ಸರಿ ಅದಾವೋ ಇಲ್ಲೋ, ಖಾನಾಪುರಕ್ಕ ಹೋಗಿ ನೀನ ನೋಡಿ ಬಾ. ನೀ ಪಾಸ್ ಅಂದ್ರ ಪಾಸ್.”

“ನಾನ? ನನ್ನ ಕಾರ್ಡಿನ ಎದುರಿಗೆ ನಿಂತಿದ್ದನ್ನ ನಾನ ತಪಾಸಣೆ ಮಾಡ್ಲೇನು?”

“ನಿನ್ನಕಿಂತ ಖರೇ ಹೇಳಾವ್ರು ಯಾರದಾರ?”

ಅರ್ಶಿಯಾ ಕೂಡ ತಲೆಯಾಡಿಸಿದಳು. ಒಲೆಯ ಮುಂದೆ ಕೂರಿಸಿ ಬೆಂಕಿ ನೋಡಿಕೋ ಎಂದರೆ ಹೇಗಿರುತ್ತದೆ, ಹಾಗಾಯಿತು ನನಗೆ. ಒಲ್ಲೆ ಎನ್ನಬೇಕಿತ್ತು. ಅಳತೆಯ ವರ್ನಿಯರನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಖಾನಾಪುರದ ಬಸ್ಸು ಮಚ್ಛೆಯ ಮೇಲೇ ಹೋಗುತ್ತದೆ. ನನ್ನ ಕಾರ್ಖಾನೆಯ ಗೇಟು ಕಿಟಕಿಯಲ್ಲಿ ಸರಿದಾಗ, ಇವತ್ತು ಒಂದಾದರೂ ದೋಷ ಸಿಕ್ಕೇ ಸಿಗುತ್ತದೆ ಎಂದು ಧೈರ್ಯ ತಂದುಕೊಂಡೆ. ಕೈಯಿಂದ ಮಾಡಿದ ವಸ್ತುವಿನಲ್ಲಿ ದೋಷ ಇಲ್ಲದೆ ಇರುವುದೇ ಇಲ್ಲ. ನನಗೆ ಬೇಕಾದದ್ದು ಒಂದೇ ಒಂದು.

ಶೆಡ್ಡಿನಲ್ಲಿ ಹಸಿ ಮಣ್ಣಿನ ವಾಸನೆ ತುಂಬಿತ್ತು. ಅವಳ ತಾಯಿ ಹುಸೇನಬೀ ಬಾಗಿಲಲ್ಲೇ, “ಬರ್ರಿ, ಕುಂದರ್ರಿ. ಅರ್ಶಿಯಾ ದಿನಾ ನಿಮ್ಮ ಮಾತ ಹೇಳ್ತಾಳ,” ಎಂದು ಕುರ್ಚಿ ಒರೆಸಿ ಕೊಟ್ಟು ಚಹಾ ಮಾಡಲು ಒಳಗೆ ಹೋದರು. ಅರ್ಶಿಯಾ ಭಟ್ಟಿಯ ಬಾಯಿ ತೆಗೆದಿದ್ದಳು. ಗುಂಡುಗಳು ಇನ್ನೂ ಬೆಚ್ಚಗಿದ್ದವು. ಕೆಲವು ಬಿರುಕು ಬಿಟ್ಟಿದ್ದವು, ಅವನ್ನು ಅವಳು ಮುಖ ಕೂಡ ಸಣ್ಣದು ಮಾಡದೆ ಬುಟ್ಟಿಗೆ ಎಸೆದಳು. ನನ್ನ ಒಂದು ಕಾರ್ಡು ಮಡಚಿದರೂ ನನಗೆ ಊಟ ಸೇರುವುದಿಲ್ಲ. ಆ ನಿರಾಳತೆಯನ್ನು ಕಂಡು ಇನ್ನಷ್ಟು ಹೊಟ್ಟೆ ಉರಿಯಿತು.

ನಾನು ಅಳೆದೆ, ತೂಗಿದೆ. ಒಳಗಿನ ಗಾಳಿ ಹೋಗಲು ಸೂಜಿಯಷ್ಟು ತೂತು ಬಿಟ್ಟಿದ್ದಾಳೋ ನೋಡಿದೆ, ಬಿಟ್ಟಿದ್ದಳು. ಹುಲ್ಲು ತುಂಬಿದ ಡಬ್ಬಿಯಲ್ಲಿಟ್ಟು ಎದೆಯೆತ್ತರದಿಂದ ನೆಲಕ್ಕೆ ಬಿಟ್ಟೆ. ತೆಗೆದರೆ ಎಲ್ಲವೂ ಇಡಿಯಾಗಿದ್ದವು. ಸಿಟ್ಟಿನಿಂದ ತಲೆಯೆತ್ತರದಿಂದ ಬಿಟ್ಟೆ. ಆಗಲೂ ಇಡಿಯಾಗಿದ್ದವು. ಒಳಗೆ ನೋಡಲು ಮಾದರಿಗೆಂದು ಒಂದಿಷ್ಟನ್ನು ಒಡೆಯಲೇಬೇಕು. ಯಾವುದನ್ನಾದರೂ ಆರಿಸಿಕೊಳ್ಳಿ ಎಂದಳು. ಆರಿಸಿದೆ, ಒಡೆದೆ. ಎಲ್ಲದರಲ್ಲೂ ಮಣಿ ಇತ್ತು, ಮಣಿಯ ಮೇಲೆ ಬೆಲೆಯ ಗುರುತು ಸ್ಪಷ್ಟವಾಗಿತ್ತು. ಒಂದರಲ್ಲಿ ಬಾಗಿಲು, ಒಂದರಲ್ಲಿ ತಟ್ಟೆ, ಒಂದರಲ್ಲಿ ಹೆಣ್ಣಿನ ಜಡೆ. ಒಡೆದ ಮಂತ್ರಗಳು ಅಲ್ಲಿಗೆ ಮುಗಿದವು. ಅವಳಿಗೆ ಅದರ ಚಿಂತೆಯೇ ಇರಲಿಲ್ಲ, ಇನ್ನೊಂದು ಹೊಳೆಯುತ್ತದೆ ಬಿಡಿ ಎನ್ನುವ ಹಾಗೆ ಕುಳಿತಿದ್ದಳು. ಅವಳಿಗೆ ಹೊಳೆಯುತ್ತಲೂ ಇತ್ತು, ಅದೇ ನನಗೆ ಸಹಿಸಲಾಗದ ಸಂಗತಿ.

ಹೊರಡಲು ಎದ್ದಾಗ ಕಿಟಕಿಯ ಮೇಲಿನ ಗೂಡಿನಲ್ಲಿ ಒಂದು ಗುಂಡು ಕಂಡಿತು. ಬಟ್ಟೆಯ ತುಂಡು ಹೊದಿಸಿ ಬೇರೆ ಇಟ್ಟಿದ್ದಳು.

ಕಾರ್ಖಾನೆಯಲ್ಲಿ ನಾನು ಕಲಿತ ದೊಡ್ಡ ಪಾಠ ಒಂದೇ. ಮಶಿನಿನವನು ಯಾವ ತುಂಡನ್ನು ಬದಿಗೆ ಇಟ್ಟು ಮೇಲೆ ಬಟ್ಟೆ ಹಾಕಿರುತ್ತಾನೋ ಅದರಲ್ಲೇ ದೋಷ ಇರುತ್ತದೆ. ಈ ಪಾಠ ಇದುವರೆಗೆ ನನಗೆ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಗುಂಡನ್ನು ಕೆಳಗಿಳಿಸಿದೆ.

“ಅದ ಬ್ಯಾಡ ಅಕ್ಕಾ,” ಎಂದಳು ಅರ್ಶಿಯಾ. “ಬ್ಯಾರೆ ತಗೋರಿ.”

ಮಶಿನಿನವರೂ ಇದನ್ನೇ, ಇದೇ ದನಿಯಲ್ಲಿ ಹೇಳುತ್ತಾರೆ. ನನ್ನ ಎದೆ ಹಗುರವಾಯಿತು. ಬೆಳಕಿಗೆ ಹಿಡಿದು ಚಿತ್ರ ನೋಡಿದೆ. ಒಬ್ಬ ಮನುಷ್ಯ ನಿಂತಿದ್ದಾನೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲಿದ್ದಾನೆ, ಆದರೆ ಕಾಲ ಬುಡದಿಂದ ಉದ್ದನೆಯ ನೆರಳು ಬಿದ್ದಿದೆ. ಚಿತ್ರವೇ ತಪ್ಪು. ಮುಚ್ಚಿಡುವುದು ಸಹಜವೇ.

“ಯಾವುದರೆ ಆರಿಸ್ಕೋರಿ ಅಂದಿ,” ಎಂದೆ.

“ಅಂದೇನಿ.”

“ಮತ್ತ?”

ಅವಳು ಆ ಬಟ್ಟೆಯ ತುಂಡನ್ನು ಮಡಚತೊಡಗಿದಳು. ನಾನು ಸುತ್ತಿಗೆ ಎತ್ತಿ ತಟ್ಟಿದೆ. ಅದು ಬಹಳ ತೆಳುವಾಗಿತ್ತು, ಮುಟ್ಟಿದೊಡನೆ ಬಿಚ್ಚಿಕೊಂಡಿತು. ಮಣಿ ಉರುಳಿತು. ಅದರ ಮೇಲೆ ಗುರುತೇ ಇರಲಿಲ್ಲ, ಬೋಳು ಮಣಿ.

“ಇದರಾಗ ಬೆಲೆ ಇಲ್ಲ,” ಎಂದೆ. ನನ್ನ ದನಿಯ ಖುಷಿ ನನಗೇ ಕೇಳಿಸಿತು. “ಚಿತ್ರಾನೂ ತಪ್ಪೈತಿ, ಮಣಿನೂ ತಪ್ಪೈತಿ.”

ಹುಸೇನಬೀ ಚಹಾ ಹಿಡಿದುಕೊಂಡು ಬಂದವರು ಚೂರುಗಳನ್ನು ನೋಡಿ ನಿಂತುಬಿಟ್ಟರು. “ಯಾ ಅಲ್ಲಾ, ಇದು ಪ್ರಮಿಳಾ ಅಕ್ಕನ ಸಲುವಾಗಿ ಮಾಡಿದ್ದಲ್ಲೇನ ಬೇಟಿ? ಎಷ್ಟ ಸಲ ಭಟ್ಯಾಗ ಬಿರದ ಬಿರದ ಹೋಗಿ ಕಡೀಕ ಇದೊಂದ ಉಳದಿತ್ತಲ್ಲ.”

“ಅಮ್ಮೀ, ನೀ ಒಳಗ ಹೋಗು,” ಎಂದಳು ಅರ್ಶಿಯಾ.

ಆಮೇಲೆ ಅವಳು ನನಗೆ ಹೇಳಿದಳು. ಅವಳ ದನಿ ಅಷ್ಟು ಸಣ್ಣದಾದದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆ ಮಂತ್ರದ ಹೆಸರು ಮಧ್ಯಾಹ್ನದ ನೆರಳು. ನೆರಳಿಲ್ಲದ ಹೊತ್ತಿನಲ್ಲಿ ನೆರಳು ಬೀಳಿಸುವ ಮಂತ್ರ. ಅದು ಒಬ್ಬಂಟಿಯಾಗಿ ಯಾವ ಕೆಲಸಕ್ಕೂ ಬಾರದು, ನನ್ನ ನೆರಳುಕಟ್ಟು ಇದ್ದರೆ ಮಾತ್ರ ಅದಕ್ಕೆ ಅರ್ಥ. ಕೊನೆಯ ಆಟದ ದಿನ ನಾನು ಕಾರ್ಡು ಇಡಬೇಕು, ಅವಳು ಈ ಗುಂಡನ್ನು ನನ್ನ ಕೈಗೆ ಕೊಡಬೇಕು, ಎರಡೂ ಸೇರಿ ವೈರಿಯನ್ನು ಕಟ್ಟಬೇಕು. ಅದನ್ನು ಕಂಡರೆ ಕಾರ್ಡು, ಗುಂಡು ಎರಡನ್ನೂ ಡಬ್ಬಿಯಲ್ಲಿಡಲು ಅನಿಕೇತ ಒಪ್ಪುತ್ತಾನೆ ಎಂಬುದು ಅವಳ ಲೆಕ್ಕ.

“ಬೆಲೆ ಯಾಕ ಬರೀಲಿಲ್ಲ?” ಎಂದು ಕೇಳಿದೆ. ಆ ಹೊತ್ತಿಗೂ ನಾನು ತಪಾಸಣೆ ಬಿಟ್ಟಿರಲಿಲ್ಲ.

“ಬೆಲೆ ನಿಮ್ಮ ಕಾರ್ಡಿನ್ಯಾಗ ಬರದೈತಲ್ಲ. ಎರಡೆರಡ ಸಲ ಯಾಕ ಕೊಡ್ತೀರಿ?”

ತಪ್ಪು ಎಂದುಕೊಂಡದ್ದು ತಪ್ಪಾಗಿರಲಿಲ್ಲ. ಅದಕ್ಕಿಂತ ಸಂಕಟವೆಂದರೆ, ಅದು ಚೆನ್ನಾಗಿತ್ತು. ನನ್ನ ಸಾಲಿಗೆ ಅಂಥ ಜೋಡಿ ನನಗೇ ಹೊಳೆಯಬೇಕಿತ್ತು. ನನ್ನ ಮಂತ್ರದ ಬಾಗಿಲಿನ ಕೀಲಿ ಅವಳಿಗೆ ಸಿಕ್ಕಿತ್ತು.

“ಇನ್ನೊಂದ ಮಾಡು,” ಎಂದೆ. “ಯಾರಿಗೆ ಗೊತ್ತಾಗ್ತೈತಿ?”

“ನಮ್ಮಿಬ್ಬರಿಗೆ ಗೊತ್ತಾಗ್ತದಲ್ಲ ಅಕ್ಕಾ. ಭಟ್ಯಾಗ ಬಿರದಿದ್ದ ಬ್ಯಾರೆ, ಸುತ್ತಿಗಿಲೆ ಒಡದಿದ್ದ ಬ್ಯಾರೆ. ಇದನ್ನ ಮತ್ತ ಮಾಡಿದ್ರ ಬಾಳೇಶಣ್ಣಗ ಹಕ್ಕಿ ದನೀನೂ ವಾಪಸ್ ಕೊಡಬೇಕಾಗ್ತೈತಿ.”

“ಹಂಗಾರ ಕಡೀ ಆಟದ ಕಥಿಯೊಳಗ ನಡು ಮಧ್ಯಾಹ್ನ ಇಡಬ್ಯಾಡ ಅಂತ ಅನಿಕೇತಗರೆ ಹೇಳು.”

“ಮಧ್ಯಾಹ್ನನ ಇಡ್ರಿ ಅಂತ ನಾನ ಹೇಳೇನಿ, ಯಾಕ ಅಂತ ಹೇಳಿಲ್ಲ. ಈಗ ಬ್ಯಾಡ ಅಂದ್ರ ಕೇಳ್ತಾರ, ನಿಮ್ಮ ಹೆಸರ ಬರ್ತೈತಿ. ಬಿಡ್ರಿ, ಆಗಿದ್ದಾತು.”

ಅವಳು ನನ್ನ ಹೆಸರು ಉಳಿಸುತ್ತಿದ್ದಳು. ಯಾರು ಕೇಳಿದ್ದರು ಇವಳನ್ನು? ನಾನು ಚಹಾ ಕುಡಿಯದೆ ಹೊರಟೆ. ಬಸ್ಸಿನಲ್ಲಿ ಫೋನು ತೆಗೆದು ಅನಿಕೇತನ ಹೆಸರಿನ ಮೇಲೆ ಬೆರಳಿಟ್ಟು ಕುಳಿತೆ. ಕಥೆಯೊಳಗಿನ ಹೊತ್ತು ಬದಲಿಸು ಎನ್ನಬಹುದಿತ್ತು. ಯಾಕೆ ಎಂದರೆ, ಅವಳು ನನಗಾಗಿ ಒಂದು ಮಂತ್ರ ಮಾಡಿದ್ದಳು ಎಂದು ನನ್ನ ಬಾಯಿಂದ ಹೇಳಬೇಕಾಗುತ್ತಿತ್ತು. ಅದು ನನ್ನಿಂದಾಗಲಿಲ್ಲ. ಬದಲಿಗೆ ತಪಾಸಣೆಯ ಫಲಿತಾಂಶ ಕಳಿಸಿದೆ: ಪಾಸ್. ದೋಷ ಸಿಗಲಿಲ್ಲ, ಏನು ಮಾಡುವುದು. ನನ್ನ ಹೊಟ್ಟೆಕಿಚ್ಚು ಅಳೆಯುವ ಗುರುತು ನನ್ನ ವರ್ನಿಯರಿನ ಮೇಲೆ ಇಲ್ಲ.

ಕೊನೆಯ ಆಟದ ಭಾನುವಾರ ಬಂತು. ಕರಿಕಣಿವೆಯ ಘಾಟಿನ ತುದಿಯಲ್ಲಿ ಸುಂಕದವನು ನಿಂತಿದ್ದಾನೆ. ದಾಟುವವರಿಂದ ಅವನು ಹಣ ಕೇಳುವುದಿಲ್ಲ, ಒಂದು ನೆನಪು ಕಿತ್ತುಕೊಳ್ಳುತ್ತಾನೆ. ಅವನನ್ನು ಕೊಲ್ಲಲಾಗದು, ಕಟ್ಟಬಹುದು ಅಷ್ಟೇ. ಮುಂದೆ ಹೋದ ಮಲ್ಲ ಅವನ ರಟ್ಟೆ ಹಿಡಿದು ತಡೆದ. ಪ್ರತಿ ಸುತ್ತಿಗೂ ಮಲ್ಲನ ಒಂದೊಂದು ನೆನಪು ಹೋಗುತ್ತಿತ್ತು. ಯಾವುದು ಹೋಯಿತು ಎಂದು ಅನಿಕೇತ ಕೇಳುತ್ತಿದ್ದ, ಬಾಳೇಶ ಹೇಳುತ್ತಿದ್ದ. ಊರಿನ ಹೆಸರು ಹೋಯಿತು. ಡೊಳ್ಳು ಕಲಿಸಿದ ಗುರುವಿನ ಮುಖ ಹೋಯಿತು. ಉಳಿದದ್ದು ಮಗಳು.

“ಹೊತ್ತ ಎಷ್ಟಾಗೈತಿ?” ಎಂದು ನಾನು ಕೇಳಿದೆ. ಗೊತ್ತಿದ್ದೂ ಕೇಳಿದೆ.

“ನಡು ಮಧ್ಯಾಹ್ನ,” ಎಂದ ಅನಿಕೇತ. “ಸೂರ್ಯ ನೆತ್ತಿ ಮ್ಯಾಲದಾನ.”

ನನ್ನ ಬಳಿ ಬೇರೆ ಏನೂ ಇರಲಿಲ್ಲ. ನೆರಳುಕಟ್ಟು ಇಟ್ಟೆ. ಅನಿಕೇತ ಅದನ್ನು ಎತ್ತಿಕೊಂಡು, ಮೊದಲ ಸಲ, ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದ. ‘ನಡು ಮಧ್ಯಾಹ್ನ ನೆರಳಿಲ್ಲದಾಗ ಈ ಮಂತ್ರ ನಡೆಯದು.’ ಓದಿ ಕಾರ್ಡನ್ನು ಮೇಜಿನ ನಡುವೆ ಇಟ್ಟ. ಆಮೇಲೆ ಎಲ್ಲರೂ ಅರ್ಶಿಯಾಳ ಕಡೆ ನೋಡಿದರು. ಅವಳ ಅಂಗೈಗಳು ಮೇಜಿನ ಮೇಲೆ ಖಾಲಿಯಾಗಿದ್ದವು.

“ನಿನ್ನ ಕಡೆ ಏನರೆ ಐತೇನವಾ?” ಎಂದು ಬಾಳೇಶ ಕೇಳಿದ.

“ಇತ್ತು ಅಣ್ಣಾ. ಒಡೀತು.”

ಅಷ್ಟೇ ಹೇಳಿ ಅವಳು ತಲೆ ತಗ್ಗಿಸಿದಳು. ಇನ್ನೊಂದು ಮಾತು ಹೇಳುವವಳಲ್ಲ ಎಂದು ನನಗೆ ಗೊತ್ತಾಯಿತು. ಆ ಒಳ್ಳೆಯತನವನ್ನು ಇನ್ನೊಂದು ಗಳಿಗೆ ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ.

“ಒಡದಾಕಿ ನಾನು,” ಎಂದೆ. “ತಪಾಸಣೆ ಮಾಡೂವಾಗ.”

ಹೇಳಲು ತೊಡಗಿದ ಮೇಲೆ ಎಲ್ಲ ಹೇಳಬೇಕಾಯಿತು. ನೆತ್ತಿಯ ಮೇಲಿನ ಸೂರ್ಯ, ಉದ್ದನೆಯ ನೆರಳು, ಬೋಳು ಮಣಿ. ಮಂತ್ರದ ಹೆಸರು. ಅದು ನನ್ನ ಕಾರ್ಡಿಗೆಂದೇ ಮಾಡಿದ್ದು ಎಂಬುದನ್ನೂ ಹೇಳಿದೆ. 

“ಅಂದ್ರ ಈ ಸುಂಕದವನ್ನ ಕಟ್ಟೂ ಮಂತ್ರ ಇತ್ತು,” ಎಂದ ಬಾಳೇಶ ನಿಧಾನವಾಗಿ. “ಈಗ ಎಲ್ಲೂ ಇಲ್ಲ.”

“ಇಲ್ಲ,” ಎಂದಳು ಅರ್ಶಿಯಾ.

ಬಾಳೇಶ ದಾಳವನ್ನು ದೂರ ಸರಿಸಿದ. “ಹಂಗಾರ ಮಲ್ಲ ಅಲ್ಲೇ ನಿಂದರ್ತಾನ. ಮಗಳ ಮುಖಾನೂ ಕೊಡ್ತಾನ. ಅವ ಅದನ್ನ ತಗೊಳ್ಳೂದರೊಳಗ ನೀವಿಬ್ಬರೂ ದಾಟರಿ.”

ನಾವು ದಾಟಿದೆವು. ನನ್ನ ಮುದುಕಿ ಮಾಂತ್ರಿಕಿ, ಅರ್ಶಿಯಾಳ ದೋಣಿಯವಳು. ಹಿಂದಿರುಗಿ ನೋಡಿದರೆ ಮಲ್ಲ ಬಿಸಿಲಲ್ಲಿ ನಿಂತು, ಇವರು ಯಾರು ಎನ್ನುವ ಹಾಗೆ ಕೈಬೀಸುತ್ತಿದ್ದಾನೆ ಎಂದ ಅನಿಕೇತ. ಹೇಳಿ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡ. ಬಾಳೇಶ ಬಿಕ್ಕಿ ಬಿಕ್ಕಿ ಅತ್ತ. ನನ್ನ ಕಾರ್ಡು ಮೇಜಿನ ನಡುವೆ ಇತ್ತು, ಅದರ ಕೊನೆಯ ಸಾಲಿನಿಂದಲೇ ಇಷ್ಟೆಲ್ಲ ಆಯಿತು ಎಂದು ನಾನು ಕೂಗಿ ಹೇಳಬೇಕೆಂದಿದ್ದೆ. ಆದರೆ ಅವರು ಅತ್ತದ್ದು ನಡೆಯದ ನನ್ನ ಮಂತ್ರಕ್ಕಲ್ಲ. ಇಲ್ಲದ ಅವಳ ಮಂತ್ರಕ್ಕೆ.

ಅನಿಕೇತ ಅಲ್ಲೇ ತೀರ್ಮಾನ ಹೇಳಿದ. “ಎರಡೂ ಇರಲಿ. ಕಾರ್ಡೂ ಇರಲಿ, ಗುಂಡೂ ಇರಲಿ. ಮತ್ತ ಡಬ್ಬಿಯೊಳಗ ಗುಂಡ ಇಡಾಕ ಗುಳಿ ಮಾಡಸ್ತೀವಲ್ಲ, ಅದರಾಗ ಒಂದ ಗುಳಿ ಖಾಲಿ ಬಿಡೂಣು. ನೆರಳುಕಟ್ಟಿನ ಬಾಜೂಕ.”

ನಾನು ಗೆದ್ದಿದ್ದೆ. ಒಂದು ಕಾರ್ಡೂ ಹೋಗಲಿಲ್ಲ. ಡಬ್ಬಿಯ ಮೇಲೆ ನನ್ನ ಹೆಸರು ಬಂತು, ಅವಳ ಹೆಸರಿಗಿಂತ ಮೊದಲೇ ಬಂತು, ಅದನ್ನೂ ಅವಳೇ ಹೇಳಿ ಹಾಕಿಸಿದಳು. ಎರಡು ಡಬ್ಬಿಯಲ್ಲಿ ಒಂದೇ ಮಂತ್ರದ ಗುಂಡು ಇರಬಾರದೆಂದು ಹಟ ಹಿಡಿದು ಪ್ರತಿಯೊಂದಕ್ಕೂ ಬೇರೆ ಬೇರೆ ಮಾಡಿದಳು. ಅಷ್ಟು ಮಂತ್ರಗಳು ಎಲ್ಲಿಂದ ಬರುತ್ತವೋ ಇವಳಿಗೆ. ಖಾಲಿ ಗುಳಿ ಮಾತ್ರ ಎಲ್ಲ ಡಬ್ಬಿಗೂ ಒಂದೇ.

ಮೊದಲ ಡಬ್ಬಿಗಳನ್ನು ಒಂದು ಕಾಲೇಜಿನ ಸಭಾಂಗಣದಲ್ಲಿ ಮೇಜಿನ ಮೇಲೆ ಇಟ್ಟಿದ್ದೆವು. ಹುಡುಗಿಯೊಬ್ಬಳು ಬಂದು ಮುಚ್ಚಳ ತೆಗೆದಳು. ನನ್ನ ಕಾರ್ಡುಗಳ ಕಟ್ಟನ್ನು ಎತ್ತಿ ಬದಿಗಿಟ್ಟಳು, ಗುಂಡುಗಳನ್ನು ಒಂದೊಂದಾಗಿ ಮುಟ್ಟಿದಳು, ಖಾಲಿ ಗುಳಿಯ ಬಳಿ ಅವಳ ಬೆರಳು ನಿಂತಿತು.

“ಇಲ್ಲೇನಿತ್ತುರಿ?” ಎಂದು ಕೇಳಿದಳು.

“ಅಕ್ಕನ್ನ ಕೇಳ್ರಿ,” ಎಂದು ಅರ್ಶಿಯಾ ನನ್ನ ಕಡೆ ತೋರಿಸಿದಳು. “ಅವರೊಬ್ಬರ ಅದನ್ನ ಒಡದ ನೋಡ್ಯಾರ.”

ನಾನು ಹೇಳಿದೆ. ಹಿಂದವಾಡಿಯಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿಯೇ ಹೇಳಿದೆ. ನೆತ್ತಿಯ ಮೇಲಿನ ಸೂರ್ಯ, ಕಾಲ ಬುಡದ ನೆರಳು, ಬೆಲೆಯಿಲ್ಲದ ಮಣಿ. ದೋಷವಿಲ್ಲದ ವಸ್ತುವನ್ನು ದೋಷವಿಲ್ಲದ್ದೆಂದೇ ಹೇಳಬೇಕಲ್ಲ, ಅದು ನನ್ನ ಕಸುಬು. ಕೇಳುತ್ತ ಕೇಳುತ್ತ ಆ ಹುಡುಗಿಯ ಕಣ್ಣು ತುಂಬಿತು. ನನ್ನ ಮಾತಿಗೆ ಒಬ್ಬರ ಕಣ್ಣು ತುಂಬಿದ್ದು ಅದೇ ಮೊದಲು.

“ಯಾರ ಮಾಡಿದ್ದುರಿ ಅದನ್ನ?” ಎಂದಳು.

ನಾನು ಎನ್ನಬಹುದಿತ್ತು. ಅಂದಿದ್ದರೆ ಅರ್ಶಿಯಾ ಅಲ್ಲವೆನ್ನುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದು ನಿಂತಿತ್ತು.

“ಅಕಿ,” ಎಂದು ಕೈ ತೋರಿಸಿದೆ.

ಹುಡುಗಿ ಡಬ್ಬಿಯನ್ನು ಎದೆಗವಚಿಕೊಂಡು ಅರ್ಶಿಯಾಳ ಹತ್ತಿರ ಹೋದಳು. ಕಾರ್ಡಿನ ಕಟ್ಟು ಮೇಜಿನ ಮೇಲೆಯೇ ಉಳಿದಿತ್ತು. ಅಷ್ಟರಲ್ಲಿ ಯಾರೋ ಅದರ ಮೇಲೆ ಚಹಾದ ಕಪ್ಪು ಇಟ್ಟಿದ್ದರು. ನಾನು ಕಪ್ಪನ್ನು ಬದಿಗಿಟ್ಟು, ಮೇಲಿನ ಕಾರ್ಡನ್ನು ಸೆರಗಿನಿಂದ ಒರೆಸಿ, ಕಟ್ಟನ್ನು ಕೊಡಲು ಆ ಹುಡುಗಿಯ ಹಿಂದೆ ಹೋದೆ.